ಒಣ ಕಾಲುವೆಯಲ್ಲಿ ಬಟ್ಟೆ ಒಗೆದ ಬೇಸಿಗೆ

ನನ್ನ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಮರೆವು ಹತ್ತಿ ಬಹಳ ದಿನವಾಯಿತು. ಇಬ್ಬರ ಗಂಡಂದಿರೂ ಹೋದರು. ಅವಳಿಗೆ ಮಕ್ಕಳಿಲ್ಲ. ಕಂಪ್ಲಿಯ ಒಂದೇ ಮನೆಯಲ್ಲಿ ಉಪ್ಪಿಗೂ ಹುಳಿಗೂ ಜಗಳವಾಡಿ ಮುದುಕಿಯರಾದವರು ನಾವು. ಈಗ ಅವಳ ಬಾಯಿ ಒರೆಸುವವಳು ನಾನೇ. ಪ್ರೀತಿ ಗೀತಿ ಅಂತ ಯಾರೂ ತಿಳಿಯಬೇಡಿ. ನನ್ನ ಮಗ ಸೊಸೆ ದುಡಿಯಲು ಹೋದರೆ ಬೇರೆ ಯಾರು ಮಾಡಬೇಕು?

ಅವಳಿಗೆ ಉಳಿದದ್ದು ಒಂದೇ ಗೀಳು. ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಕಾಲುವೆಗೆ ಹೊರಡುವುದು. ಮದುವೆಯಾಗಿ ಬಂದಾಗಿನಿಂದ ಅಲ್ಲಿಯೇ ಒಗೆದವಳು. ತಡೆದರೆ ಕದಕ್ಕೆ ತಲೆ ಜಜ್ಜಿಕೊಳ್ಳುತ್ತಿದ್ದಳು. ಹೊಸಪೇಟೆಯ ಡಾಕ್ಟರಿಗೆ ತೋರಿಸಿದೆವು. "ರೂಢಿ ಕೆಲಸ ಬಿಡಸಬ್ಯಾಡ್ರಿ. ಜೊತಿಗೆ ಒಬ್ಬರು ಇರ್ರಿ ಅಷ್ಟ" ಅಂದರು.

ಬೇಸಿಗೆಯಲ್ಲಿ ಡ್ಯಾಂನಿಂದ ನೀರು ನಿಂತು ಕಾಲುವೆ ಒಣಗಿತು. ಇನ್ನು ತಡೆಯುವುದೇಕೆ ಎಂದು ನಾನೇ ಕರೆದುಕೊಂಡು ಹೋದೆ. ಮೆಟ್ಟಿಲಿಳಿದು, ಬಿರುಕು ಬಿಟ್ಟ ಕೆಸರಿನ ನಡುವಿನ ಒಗೆಯುವ ಕಲ್ಲಿಗೆ ಸೀರೆ ಬಡಿದಳು. ಇಲ್ಲದ ನೀರಿನಲ್ಲಿ ಅದ್ದಿದಳು, ಹಿಂಡಿದಳು, ಒಣ ಸೀರೆಯನ್ನೇ ದಂಡೆಯ ಮೇಲೆ ಹರವಿದಳು. ಮನೆಗೆ ಬಂದು ರೊಟ್ಟಿ ತಿಂದು ಮಲಗಿದಳು. ಮನೆ ತಣ್ಣಗಾಯಿತು.

ದಿನಾ ಇದೇ ನಡೆಯಿತು. ಗೋಡೆ ಹಿಡಿದು ನಡೆಯುತ್ತಿದ್ದವಳು ಗೋಡೆ ಬಿಟ್ಟಳು. ಓಣಿಯ ತಿರುವಿನಲ್ಲಿ ದಿಕ್ಕು ತಪ್ಪುತ್ತಿದ್ದವಳು ನನಗಿಂತ ಮುಂದೆ ನಡೆದಳು. ಮತ್ತೆ ತೋರಿಸಿದಾಗ ಡಾಕ್ಟರು ಕಾಲು ಒತ್ತಿ ನೋಡಿ, "ಕಾಲಾಗ ಮಸ್ತ್ ಶಕ್ತಿ ಬಂದೈತಲ್ರೀ, ಏನು ತಿನ್ನಸ್ತೀರಿ?" ಅಂದರು. ಸೊಸೆ ಹಿಗ್ಗಿದಳು. ನನಗೆ ಹಿಗ್ಗು ಬರಲಿಲ್ಲ. ಡ್ಯಾಂ ತುಂಬುತ್ತಿದೆ ಎಂಬ ಮಾತು ಅಂದು ಬಸ್ಸಿನ ತುಂಬ ಇತ್ತು.

ಒಂದು ದಿನ ಕಾಲುವೆ ಕಾಯುವ ಸೌಡಿ ನಮ್ಮ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿದ.

"ಯಮ್ಮಾ, ನಾಡಿದ್ದ ನೀರು ಬಿಡ್ತಾರ. ದೊಡ್ಡವ್ವನ್ನ ಕಟ್ಟಿ ಹಾಕ್ರಿ ಇನ್ನ."

"ಕಟ್ಟಿ ಹಾಕಾಕ ಆಕಿ ಏನು ಎಮ್ಮೇನಲೇ?"

"ಎಮ್ಮಿಗೆ ಈಜು ಬರತೈತಿ ಬೇ" ಅಂದು ಹೋದ.

ಇಲ್ಲೇ ಒಗೆಯಲಿ ಎಂದು ಅಂಗಳದಲ್ಲಿ ಕಲ್ಲು ಹಾಕಿ ಬಕೆಟ್ಟು ಇಟ್ಟೆವು. ಒದ್ದು ಉರುಳಿಸಿದಳು. ಕಾಲುವೆಗೆ ನೀರು ಬಂತು. ನೀರು ಬಂತೆಂದರೆ ಈ ಕಡೆ ಭತ್ತದ ನಾಟಿ, ಓಣಿಯಲ್ಲಿ ಒಂದು ನರಪಿಳ್ಳೆ ಉಳಿಯುವುದಿಲ್ಲ. ಸೊಸೆ ಗದ್ದೆಗೆ, ಮಗ ತೋರಣಗಲ್ಲಿನ ಕೆಲಸಕ್ಕೆ. ಮನೆಯಲ್ಲಿ ನಾವಿಬ್ಬರೇ. ಕದಕ್ಕೆ ಒಳಗಿನಿಂದ ಬೀಗ ಹಾಕಿಕೊಂಡೆ. ಈ ಸಲ ಅವಳು ತಲೆ ಜಜ್ಜಿಕೊಳ್ಳಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೀಗವನ್ನೇ ನೋಡುತ್ತ ಕುಳಿತಳು. ಅದೇ ನನಗೆ ಸರಿ ಕಾಣಲಿಲ್ಲ.

ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹಿತ್ತಲಿನ ಗಿಡ್ಡ ಗೋಡೆ ದಾಟಿ ಹೋಗಿದ್ದಳು.

ಬೀಗ ತೆಗೆದು, ಕುಂಟುತ್ತ ಕಾಲುವೆ ಮುಟ್ಟಿದೆ. ಕೆಂಪು ನೀರು ಸದ್ದಿಲ್ಲದೆ ಓಡುತ್ತಿತ್ತು. ಒಗೆಯುವ ಕಲ್ಲು ಕಾಣುತ್ತಿರಲಿಲ್ಲ. ಅವಳು ಮೊಣಕಾಲಿನ ತನಕ ಇಳಿದು, ಕಾಲಿನಿಂದ ಕಲ್ಲನ್ನು ತಡಕಾಡುತ್ತಿದ್ದಳು. ಮೆಟ್ಟಿಲ ಮೇಲೆ ಕುಕ್ಕರಿಸಿ ಅವಳ ಸೆರಗನ್ನು ಎರಡೂ ಕೈಯಿಂದ ಹಿಡಿದೆ. ಎಳೆಯುವ ಶಕ್ತಿ ನನ್ನಲ್ಲಿ ಇರಲಿಲ್ಲ.

"ಬಿಡು. ಕಲ್ಲು ಇಲ್ಲೇ ಐತಿ."

"ಬಾ ಅಕ್ಕಾ, ಮ್ಯಾಲೆ ಬಾ."

ಅವಳು ತಿರುಗಿ ನೋಡಿದಳು. "ಒಣಗಿದ್ದಾಗ ದಿನಾ ಕರ್ಕೊಂಡು ಬಂದಿ. ನೀರು ಬಂದ ಮ್ಯಾಲೆ ಬೀಗ ಹಾಕ್ತಿ. ನಿನಗ ತಲಿ ಕೆಟ್ಟೈತೇನು?"

ಅಷ್ಟು ಅಂದು ಇನ್ನೊಂದು ಮೆಟ್ಟಿಲು ಇಳಿದಳು. ಸೆರಗು ಬಿಗಿಯಾಯಿತು. ಬಾಯಿಗೆ ಬಂದದ್ದನ್ನು ಅಂದೆ: "ಅಕ್ಕಾ, ಸೋಪು ಬಿಟ್ಟು ಬಂದೀಯಲ್ಲ."

ನಿಂತಳು. ಗಂಟು ಬಿಚ್ಚಿ ಹುಡುಕಿದಳು. "ಹೌದಲ್ಲ" ಅಂದು ಮೇಲೆ ಹತ್ತಿದಳು. ದಾರಿಯುದ್ದಕ್ಕೂ ನನ್ನನ್ನೇ ಬೈದಳು, ಮೊದಲೇ ಹೇಳಬಾರದಿತ್ತೇನು ಎಂದು.

ಸಂಜೆ ಸೊಸೆಗೆ ಹೇಳಿದೆ. "ಚಲೋ ಉಪಾಯ ಮಾಡಿದ್ರಿ ಬಿಡ್ರಿ ಅತ್ತಿ" ಅಂದಳು. "ನಾಳಿಗೂ ಹಂಗ ಅನ್ರಿ. ಆಕಿಗೆ ಎಲ್ಲಿ ನೆನಪಿರತೈತಿ?" ಮಧ್ಯಾಹ್ನ ಉಂಡದ್ದು ಅವಳಿಗೆ ಸಂಜೆಗೆ ನೆನಪಿರುವುದಿಲ್ಲ, ಅದು ನಿಜ.

ಮರುದಿನ ಬೆಳಿಗ್ಗೆ ಸೊಸೆ ಗದ್ದೆಗೆ ಹೋದ ಮೇಲೆ ಅವಳು ಗಂಟು ಕಟ್ಟುವುದನ್ನು ನೋಡಿದೆ. ಎಲ್ಲಕ್ಕಿಂತ ಮೊದಲು ಬಚ್ಚಲಿನಿಂದ ಸೋಪು ತಂದು ಒಳಗಿಟ್ಟಳು. ಮೇಲೆ ಸೀರೆ ಮಡಚಿ ಹಾಕಿ, ಗಂಟು ಬಿಗಿದು, ನನ್ನ ಕಡೆ ನೋಡಿದಳು.