ಮೀನೆಣ್ಣೆ ಹಚ್ಚಿದ ದೋಣಿ

ಮೊನ್ನೆ ಪಡುಬಿದ್ರಿಯ ಕಡಲತೀರದಲ್ಲಿ ಯಾರೋ ಹಳೆಯ ಮರದ ದೋಣಿಗೆ, ಮರ ಕೆಡದಂತೆ, ಮೀನೆಣ್ಣೆ ಹಚ್ಚುತ್ತಿದ್ದರು. ಆ ನಾತ ಮೂಗಿಗೆ ಬಡಿದದ್ದೇ ತಡ, ಕಾಪುವಿನ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ನೆನಪಾದರು...

ಐವತ್ತರ ದಶಕದ ಕೊನೆ. ನಾನು ಬಿ.ಎ. ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಪಾಠ ಮಾಡುವುದನ್ನು ಕಲಿಯಲೆಂದು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮಳೆಗಾಲದ ಕೊನೆಗೆ ಅವರ ಕೈಯಿಂದ ಸೀಮೆಸುಣ್ಣದ ಜೊತೆ ಮೀನೆಣ್ಣೆಯ ವಾಸನೆಯೂ ಬರುತ್ತಿತ್ತು. ತಾವೇ ಸಾಕಿ ಬೆಳೆಸಿದ ತಮ್ಮನ ದೋಣಿಗೆ ಎಣ್ಣೆ ಹಚ್ಚುವುದು ಅವರದೇ ಕೆಲಸ.

ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆಯಾಗುವವರೆಗೆ ಅಲ್ಲಿ ಯಾರೂ ದೋಣಿ ಇಳಿಸುತ್ತಿರಲಿಲ್ಲ. ಆ ವರ್ಷ ತಮ್ಮನಿಗೆ ಅವಸರ. ಮಾಸ್ತರರು ನಕ್ಕು, "ಕಡಲಿಗೆ ಪಂಚಾಂಗ ಓದ್ಲಿಕ್ಕೆ ಬರ್ತದಾ? ಹೋಗಿ ಬಾ," ಅಂದರಂತೆ.

ತಮ್ಮ ದೋಣಿ ಇಳಿಸಿದ ಆ ದಿನ ಪಾಠದಲ್ಲಿ 'ಡಿಯರ್ಲಿ' ಎಂಬ ಪದ ಬಂತು. ಮಾಸ್ತರರು ವಿವರಿಸಿದರು: ತಾಯಿ ಮಗುವನ್ನು ಡಿಯರ್ಲಿ ಪ್ರೀತಿಸುತ್ತಾಳೆ, ಅಂದರೆ ತುಂಬು ಮನಸ್ಸಿನಿಂದ. ತಪ್ಪು ಮಾಡಿದವನು ಅದಕ್ಕೆ ಡಿಯರ್ಲಿ ಬೆಲೆ ತೆರುತ್ತಾನೆ, ಅಂದರೆ ಬಲು ದುಬಾರಿಯಾಗಿ.

"ಸರ್, ಬಂಗುಡೆ ಮೀನನ್ನು ಡಿಯರ್ಲಿ ಕೊಂಡೆ ಅನ್ನಬಹುದಾ?" ಹುಡುಗನೊಬ್ಬ ಕೇಳಿದ.

"ಬಂಗುಡೆಗೆ ಅಷ್ಟು ದೊಡ್ಡ ಪದ ಎಂತಕ್ಕೆ ಮಾರಾಯ? ಕೊಟ್ಟದ್ದು ತಿರುಗಿ ಬಾರದಿದ್ದರೆ ಮಾತ್ರ ಹಾಗೆ ಹೇಳುವುದು."

ತರಗತಿ ನಕ್ಕಿತು. ಕಿಟಕಿಯಾಚೆ ಪಡುವಣ ದಿಕ್ಕು ಕಪ್ಪಾಗಿತ್ತು. ಹಲಗೆ ಒರೆಸಲು ತಿರುಗಿದ ಮಾಸ್ತರರು ಗಾಳಿಯ ಸದ್ದಿಗೆ ಕಿವಿಗೊಟ್ಟು ಹಾಗೇ ನಿಂತರು... ಅಥವಾ ಆ ಪಾಠ ಬೇರೊಂದು ದಿನದ್ದೇ? ಎರಡನ್ನೂ ನನ್ನ ಮನಸ್ಸೇ ಆಮೇಲೆ ಒಟ್ಟಿಗೆ ಹೊಲಿದಿರಬಹುದು.

ಮರುದಿನ ದೀಪಸ್ತಂಭದ ಬಂಡೆಯ ಬಳಿ ದೋಣಿ ಮಗುಚಿಕೊಂಡು ಸಿಕ್ಕಿದ್ದು ಮಾತ್ರ ಖಂಡಿತ. ತಮ್ಮ ಸಿಗಲಿಲ್ಲ. ದೋಣಿಯನ್ನು ಎಳೆದು ತಂದ ಮುದುಕರೊಬ್ಬರು, "ನೀವು ಬೇಡ ಅಂದಿದ್ರೆ ಅವ ನಿಲ್ತಿದ್ದ, ಮಾಸ್ಟ್ರೇ," ಎಂದರು.

"ಹೌದು," ಅಂದರು ಮಾಸ್ತರರು. ಅಷ್ಟೇ.

ಪೂಜೆಯಾಗಿದ್ದರೆ ಗಾಳಿ ಬೀಸುತ್ತಿರಲಿಲ್ಲವೆಂದು ನಾನು ಇಂದಿಗೂ ನಂಬುವುದಿಲ್ಲ. ಅವರು ನಂಬಿದರೋ ಏನೋ. ಮುಂದಿನ ವರ್ಷಗಳಲ್ಲಿ ಆ ಪಾಠ ಬಂದಾಗ ತರಗತಿಯನ್ನು ನನಗೆ ಬಿಟ್ಟುಕೊಡುತ್ತಿದ್ದರು. ದೋಣಿಯನ್ನು ಮಾರಲಿಲ್ಲ, ನೀರಿಗೂ ಇಳಿಸಲಿಲ್ಲ. ಆದರೆ ಪ್ರತಿವರ್ಷ ಕಡಲಪೂಜೆಗೆ ಮೊದಲು ಅದಕ್ಕೆ ಎಣ್ಣೆ ಹಚ್ಚಿ, ಅದೇ ವಾಸನೆ ಹೊತ್ತು ಶಾಲೆಗೆ ಬರುತ್ತಿದ್ದರು...

ಅದು ಯಾವ ದಿನದ ಪಾಠ ಎಂದು ಕೇಳೋಣವೆಂದರೆ ಈಗ ಅವರಿಲ್ಲ. ಪಡುಬಿದ್ರಿಯಲ್ಲಿ ನಾನು ದೋಣಿಯ ಬದಿಯನ್ನು ಮುಟ್ಟಿ ನೋಡಿದಾಗ, ಎಣ್ಣೆ ಹಚ್ಚುತ್ತಿದ್ದವರು, "ಎಂತ ಸರ್, ಕಡಲಿಗೆ ಹೋಗ್ಲಿಕ್ಕುಂಟಾ?" ಎಂದು ತಮಾಷೆ ಮಾಡಿದರು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಬೆರಳಿನ ನಾತ ಇನ್ನೂ ಹೋಗಿಲ್ಲ.