ಡ್ರೈವರ್ ಬೆನ್ನಿನ ಹಿಂದಿನ ಸೀಟು

ಬಸ್ಸಿನ ಮುಂದಿನ ಸೀಟಿನ ವಿಷಯದಲ್ಲಿ ನಾನು ಚಿಕ್ಕ ಮಕ್ಕಳಿಗಿಂತ ಕಡೆ. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಗಜಕ್ಕೆ ನಾಲ್ಕು ಬೆರಳು ಹೆಚ್ಚೇ ಬಿಡುವ ಮನುಷ್ಯ, ಬಸ್ಸಿನ ಬಾಗಿಲಿಗೆ ಬಂದರೆ ಯಾರಿಗೂ ಒಂದಂಗುಲ ಬಿಟ್ಟವನಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕೊಡ್ಲಿಪೇಟೆಯಿಂದ ಮೈಸೂರಿಗೆ ನೇರ ಹೋಗುವ ಬಸ್ಸೊಂದು ಶುರುವಾಯಿತು. ಅದರಲ್ಲಿ ಹಿಂದಿನದೆಲ್ಲ ಬರೀ ಹಲಗೆ. ಮುಂದೆ ಮಾತ್ರ ಮೆತ್ತೆಯ ಸೀಟುಗಳು. ಅವಕ್ಕೆ ಫಸ್ಟ್ ಕ್ಲಾಸ್ ಎಂದು ಹೆಸರು. ಆದರೆ ಫಸ್ಟ್ ಕ್ಲಾಸಿನ ಒಳಗೂ ಮೇಲು ಕೀಳು ಇದೆಯೆಂಬುದು ಓಡಾಡಿದವರಿಗೇ ಗೊತ್ತು. ಇಂಜಿನ್ನಿನ ಆಚೆ, ಡ್ರೈವರ್ ಸಮಕ್ಕೆ, ಎಡಗಡೆ ಒಂದು ಒಂಟಿ ಸೀಟು. ಅಲ್ಲಿ ಕೂತವನಿಗೆ ಎದುರಿನ ಗಾಜಿನ ತುಂಬ ರಸ್ತೆ, ಕಾಲು ಚಾಚಲು ಜಾಗ, ಡ್ರೈವರ್ ಜೊತೆ ಮಾತು, ಅಡ್ಡ ಬಂದ ದನಗಳನ್ನು ಬೈಯುವುದರಲ್ಲಿ ಒಂದು ಪಾಲು. ಎರಡನೆಯದು ಡ್ರೈವರ್ ಬೆನ್ನಿನ ಹಿಂದೆ ಇಬ್ಬರು ಕೂರುವ ಸೀಟು. ಮೆತ್ತೆ ಅದೇ, ಟಿಕೆಟ್ಟೂ ಅದೇ. ಎದುರಿಗೆ ಕಾಣುವುದು ಮಾತ್ರ ಕಬ್ಬಿಣದ ಸರಳು, ಅದರಾಚೆ ಬೆವರಿದ ಒಂದು ಖಾಕಿ ಅಂಗಿ.

ಅಂಗಡಿಗೆ ಜವಳಿ ತರಲು ವರ್ಷಕ್ಕೆ ಎರಡು ಮೂರು ಸಲ ನಾನೂ ನನ್ನ ಹೆಂಡತಿ ನೀಲಮ್ಮನೂ ಮೈಸೂರಿಗೆ ಹೋಗುತ್ತಿದ್ದೆವು. ಸೀರೆಯ ಬಣ್ಣ ಆರಿಸುವುದು ಅವಳ ಕೆಲಸ. ಒಮ್ಮೆ ನಾನೊಬ್ಬನೇ ಹೋಗಿ ಆರಿಸಿ ತಂದ ಸೀರೆಗಳು ಬಹುಕಾಲ ನಮ್ಮ ಅಂಗಡಿಯಲ್ಲೇ ಬಾಳಿದವು. ಪ್ರತಿ ಸಲವೂ ಬಸ್ಸು ಹತ್ತುವಾಗ ನಾನು ದೊಡ್ಡ ಮನಸ್ಸು ಮಾಡಿ ಕರೆಯುತ್ತಿದ್ದೆ.

"ನೀನೇ ಮುಂದೆ ಕೂರು ಬಾ, ರಸ್ತೆ ಕಾಣುತ್ತೆ."

"ನಂಗ್ಯಾಕ್ರೀ ರಸ್ತೆ? ನಾನೇನು ಬಸ್ ಓಡಿಸ್ಬೇಕಾ? ನೀವೇ ಕೂತ್ಕೊಳಿ."

ಅವಳು ಡ್ರೈವರ್ ಹಿಂದೆ ಹೋಗಿ ಕೂರುವಳು. ಅಲ್ಲಿಯೂ ಕಿಟಕಿಯ ಪಕ್ಕ ಅಲ್ಲ, ಓಡಾಡುವ ಹಾದಿಯ ಕಡೆಗೆ. ಕಿಟಕಿಯನ್ನು ಯಾರಿಗಾದರೂ ಬಿಟ್ಟುಕೊಡುವಳು. ಕೇಳಿದರೆ "ಗಾಳಿ ಆಗಲ್ಲ ಕಣ್ರೀ" ಎನ್ನುವಳು. ದುಡ್ಡು ಕೊಟ್ಟೂ ಏನೂ ನೋಡದೆ ಮೈಸೂರು ಸೇರುತ್ತಾಳಲ್ಲ, ಪಾಪ, ಎಂದುಕೊಂಡು ನಾನು ಒಂಟಿ ಸೀಟಿನಲ್ಲಿ ಕಾಲು ಚಾಚುತ್ತಿದ್ದೆ.

ಮೈಸೂರಿನಲ್ಲಿ ಅವಳ ಅಕ್ಕನ ಮನೆ. ಹೊಸ್ತಿಲು ದಾಟುತ್ತಲೇ ನೀಲಮ್ಮನ ವರದಿ ಶುರುವಾಗುತ್ತಿತ್ತು.

"ಅಕ್ಕ, ಇವರು ಪಿರಿಯಾಪಟ್ಟಣದಿಂದ ಹುಣಸೂರು ತನಕ ಬಾಯಿ ತಕ್ಕೊಂಡು ನಿದ್ದೆ. ಒಂದು ನೊಣ ಬಂದು, ಒಳಗೆ ಹೋಗ್ಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಿತ್ತು."

"ಸುಳ್ಳು. ನಾನು ರಸ್ತೆ ನೋಡ್ತಿದ್ದೆ."

"ಹೌದೌದು, ಕಣ್ಣು ಮುಚ್ಕೊಂಡು."

ಹಿಂದೆ ಕೂತವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಹೆಂಗಸರ ಊಹೆ ಎಂದು ನಾನು ಕೈಕಾಲು ತೊಳೆಯಲು ಹೋಗುತ್ತಿದ್ದೆ.

ಸೀಟುಗಳ ತರತಮ ನಮ್ಮ ಬಸ್ಸಿಗೆ ಮಾತ್ರ ಸೇರಿದ್ದಲ್ಲ. ಹತ್ತಿರದ ಕಾಫಿ ತೋಟದ ಸಾಹುಕಾರರೊಬ್ಬರು ಹೆಂಡತಿಯೊಡನೆ ವಿಮಾನದಲ್ಲಿ ಲಂಡನ್ನಿಗೆ ಹೋಗಿ ಬಂದರು. ಬಂದವರು ನಮ್ಮ ಅಂಗಡಿಯಲ್ಲಿ ಕೂತು, ವಿಮಾನದಲ್ಲೂ ಫಸ್ಟ್ ಕ್ಲಾಸ್ ಇದೆ, ಅದರಲ್ಲೂ ಮೊದಲ ಸಾಲಾದರೆ ಕಾಲು ಪೂರ್ತಿ ನೀಡಬಹುದು, ಎರಡನೆಯ ಸಾಲಾದರೆ ಮೊಣಕಾಲು ಕೊಂಚ ಮಡಿಸಬೇಕು ಎಂದರು. ತಮಗೆ ಎರಡನೆಯ ಸಾಲು ಸಿಕ್ಕ ದುಃಖ ಅವರ ಮುಖದಲ್ಲಿ ಇನ್ನೂ ಇತ್ತು. ಮೋಡದ ಮೇಲೆ ಹೋಗಿಯೂ ಮನುಷ್ಯ ಮೊಣಕಾಲನ್ನೇ ನೆನೆಸಿಕೊಂಡು ಬರುತ್ತಾನೆ. ನಾನಂತೂ ಪುರಾಣ ಕೇಳಿದ ಹಾಗೆ ಕೇಳಿದೆ.

ನೀಲಮ್ಮ ಕೇಳಿದ್ದು ಒಂದೇ ಮಾತು. "ಅಮ್ಮಾವ್ರು ಎಲ್ಲಿ ಕೂತಿದ್ರು?"

"ನನ್ನ ಪಕ್ಕದಲ್ಲೇ."

ಅವರು ಹೋದ ಮೇಲೆ, ಹರಡಿದ್ದ ಬಟ್ಟೆ ಮಡಿಸುತ್ತ ಅಂದಳು: "ಪಾಪ, ಅಷ್ಟು ದೂರ ಪಕ್ಕದಲ್ಲೇ ಕೂತ್ರೆ ಮುಖ ಎಲ್ಲಿ ಕಾಣುತ್ತೆ?"

ನಾನು ಗಟ್ಟಿಯಾಗಿ ನಕ್ಕೆ. ಪೇಟೆಯಲ್ಲಿ ಇನ್ನೂ ಕೆಲವರಿಗೆ ಹೇಳಿ ನಗಿಸಿದೆ.

ಕೊನೆಯ ಸಲ ನಾವು ಮೈಸೂರಿಗೆ ಹೋದದ್ದು ಜವಳಿಗಲ್ಲ, ಆಸ್ಪತ್ರೆಗೆ. ಅವಳು ಬಹಳ ಸೋತಿದ್ದಳು. ಆ ದಿನ ನಾನು ಮಾತು ಕೇಳಲಿಲ್ಲ. ಕೈಹಿಡಿದು ಕರೆದೊಯ್ದು ಒಂಟಿ ಸೀಟಿನಲ್ಲೇ ಕೂರಿಸಿ, ಬೆನ್ನಿಗೆ ಕಂಬಳಿ ಮಡಿಸಿ ಇಟ್ಟೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಬೇರೆಯವರಿದ್ದರು. ನಾನು ಅವರ ಹಿಂದಿನ ಹಲಗೆಯ ಮೇಲೆ ಕೂತೆ. ಬಸ್ಸು ಹೊರಟಾಗಿನಿಂದ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ತಿರುವುಗಳ ದಾರಿ, ಹಾಗೆ ತಿರುಗಿದರೆ ತಲೆ ಸುತ್ತುತ್ತದೆ ಎಂದು ನನಗೆ ಗಾಬರಿ.

"ಮುಂದೆ ನೋಡೇ, ವಾಂತಿ ಆಗುತ್ತೆ" ಎಂದು ಅಲ್ಲಿಂದಲೇ ಕೂಗಿದೆ.

ಅವಳು ಮುಂದೆ ತಿರುಗಿದಳು. ಮತ್ತೆ ಹಿಂದೆ ನೋಡಲಿಲ್ಲ. ಕೊನೆಗೂ ಒಂದು ಸಲ ಅವಳಿಗೆ ಒಳ್ಳೆಯ ಸೀಟಿನ ಸುಖ ತೋರಿಸಿದೆನಲ್ಲ ಎಂದು ನನಗೆ ಆ ಸಂಕಟದಲ್ಲೂ ಸಮಾಧಾನವಾಗಿತ್ತು. ಆಸ್ಪತ್ರೆಯಿಂದ ಅವಳು ಬಸ್ಸಿನಲ್ಲಿ ಹಿಂದಿರುಗಲಿಲ್ಲ.

ಮೊನ್ನೆ ದಸರೆಯ ಮುಂಚೆ, ಅವಳು ಹೋದ ಮೇಲೆ ಮೊದಲ ಸಲ, ಜವಳಿಗೆ ಹೊರಟೆ. ಒಂಟಿ ಸೀಟಿನಲ್ಲಿ ಆಗಲೇ ಶನಿವಾರಸಂತೆಗೆ ಹೊಸದಾಗಿ ಬಂದ ಮೇಷ್ಟರೊಬ್ಬರು ಕೂತಿದ್ದರು. ಕಂಡಕ್ಟರ್ ಮೋನಪ್ಪ ಪುತ್ತೂರು ಕಡೆಯವನು, ನಮ್ಮನ್ನು ಮೊದಲಿಂದ ಬಲ್ಲವನು. "ಇವತ್ತು ಇಲ್ಲಿ ಕೂತ್ಕೊಳ್ಳಿ ಶೆಟ್ರೆ, ಎಂತ ಮಾಡುದು" ಎಂದು ಡ್ರೈವರ್ ಬೆನ್ನಿನ ಹಿಂದೆ, ಹಾದಿಯ ಕಡೆಗೆ, ಅವಳು ಕೂರುತ್ತಿದ್ದ ಜಾಗದಲ್ಲೇ ಕೂರಿಸಿದ.

ಸರಳು ಇತ್ತು, ಖಾಕಿ ಬೆನ್ನು ಇತ್ತು. ರಸ್ತೆ ಕಾಣಲಿಲ್ಲ. ಬೇಸರದಿಂದ ಎಡಕ್ಕೆ ಕಣ್ಣು ಹಾಯಿಸಿದೆ. ಅಡ್ಡ ಯಾವುದೂ ಇರಲಿಲ್ಲ. ಒಂಟಿ ಸೀಟಿನ ಮೇಷ್ಟರು ಕಿವಿಯಿಂದ ಗಲ್ಲದವರೆಗೆ, ಓರೆಯಾಗಿ, ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿದ್ದರು. ಕೊರಳು ತುರಿಸಿಕೊಂಡದ್ದು ಕಂಡಿತು. ದನ ಅಡ್ಡ ಬಂದಾಗ ತಾವೇ ಬ್ರೇಕು ಒತ್ತುವವರಂತೆ ಕಾಲು ಊರಿದ್ದು ಕಂಡಿತು. ಪಿರಿಯಾಪಟ್ಟಣ ದಾಟಿದ ಮೇಲೆ ಅವರ ತಲೆ ಮೆಲ್ಲಗೆ ವಾಲಿತು, ಬಾಯಿ ತೆರೆಯಿತು.

ನನಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ಇಂಜಿನ್ನಿನ ಹೊಗೆಯೆಂದು ತಿಳಿದು, ಕೇಳದೆಯೇ ಕಿಟಕಿಯನ್ನು ಇನ್ನಷ್ಟು ಸರಿಸಿದಳು.

ಅಷ್ಟು ವರ್ಷ ಗಾಜಿನ ತುಂಬ ನಾನು ನೋಡಿದ ರಸ್ತೆಯಲ್ಲಿ ಒಂದು ಮೈಲಿಯೂ ನನಗೆ ಈಗ ಸರಿಯಾಗಿ ನೆನಪಿಲ್ಲ. ಅವಳು ನೋಡಿದ್ದು ಅವಳಿಗೆ ನೊಣದ ಸಮೇತ ನೆನಪಿರುತ್ತಿತ್ತು. ನಾನು ಒಂದು ಸಲವಾದರೂ ಬಲಕ್ಕೆ ತಿರುಗಿ ನೋಡಿದ್ದಿದ್ದರೆ! ನೋಡಿದ್ದರೆ ಅವಳು ನಾಚಿ ಖಾಕಿ ಅಂಗಿಯ ಕಡೆ ಮುಖ ಮಾಡುತ್ತಿದ್ದಳೇನೋ, ನನ್ನ ನಿದ್ದೆಯೇ ಅವಳಿಗೆ ಅನುಕೂಲವಾಗಿತ್ತೇನೋ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಆದರೂ ಒಂದು ಸಲ ತಿರುಗಬೇಕಾಗಿತ್ತು. ಮತ್ತೆ, ಆ ಕೊನೆಯ ದಿನ ಅವಳು ತಿರುಗಿದಾಗ ಸುಮ್ಮನಿರಬೇಕಾಗಿತ್ತು.

ವಾಪಸು ಬರುವ ದಿನ ಒಂಟಿ ಸೀಟು ಖಾಲಿಯಿತ್ತು. ಮೋನಪ್ಪ ಟವೆಲು ಹಾಕಿ ಹಿಡಿದಿಟ್ಟಿದ್ದ. ನಾನು ಡ್ರೈವರ್ ಹಿಂದೆ ಹೋಗಿ ಹಾದಿಯ ಪಕ್ಕ ಕೂತೆ.

"ಎಂತ ಶೆಟ್ರೆ, ನಿಮಗೇಂತಲೇ ಇಟ್ಟದ್ದು! ಅಲ್ಲಿ ಎಂತ ಕಾಣ್ತದೆ ಮಾರಾಯ್ರೆ? ಇಲ್ಲಿ ಬನ್ನಿ, ರಸ್ತೆ ಕಾಣ್ತದೆ."

"ನಂಗ್ಯಾಕೋ ರಸ್ತೆ?" ಎಂದೆ. "ನಾನೇನು ಬಸ್ ಓಡಿಸ್ಬೇಕಾ?"