ಅವ್ವನ ಸೀರೆಯಲ್ಲಿ ಚಾಡಿಕೋರಿ

ಪಾಂಡವಪುರದ ನಮ್ಮ ಹವ್ಯಾಸಿ ತಂಡ ಹಳೆಯ ಇಂಗ್ಲಿಷ್ ಪ್ರಹಸನವೊಂದನ್ನು ಕನ್ನಡಕ್ಕೆ ತಂದು ಆಡಿತು. ಮೇಲೆ ಸಭ್ಯತೆ, ಬಾಯಿತುಂಬ ಚಾಡಿ ಇರುವ ಜನರ ಕಥೆ. ನಾಯಕಿಯ ಪಾತ್ರಕ್ಕೆ ಮೈಸೂರಿನಿಂದ ಕಲಾವಿದೆಯನ್ನು ಕರೆಸಿದ್ದೆವು. ಇನ್ನೊಬ್ಬರನ್ನು ಕರೆಸಲು ದುಡ್ಡಿಲ್ಲದೆ ಚಾಡಿಕೋರ ಮುದುಕಿಯ ಪಾತ್ರ ನನ್ನ ಕೊರಳಿಗೆ ಬಿತ್ತು. ಶ್ರೀರಂಗಪಟ್ಟಣದಲ್ಲಿ ಗುಮಾಸ್ತನಾದ ನನಗೆ ಸೀರೆ ಉಡುವುದೂ ಬರುತ್ತಿರಲಿಲ್ಲ. ತಾಲೀಮಿನಲ್ಲಿ ನಾನು ಬಾಯಿಪಾಠ ಒಪ್ಪಿಸುವುದನ್ನು ನೋಡಿ ನಿರ್ದೇಶಕರಾದ ನಿವೃತ್ತ ಮೇಷ್ಟ್ರಿಗೆ ರೇಗಿತು.

"ಲಂಡನ್ನಿನ ದೊರೆಸಾನಿ ನಮ್ಗ್ಯಾಕ್ಲಾ? ನಿಮ್ಮೂರ್ ಡೇರಿ ಮುಂದೆ ಓಗಿ ನಿಂತ್ಕೊ, ಹಾಲ್ ಹಾಕಕ್ ಬರೋ ಎಂಗಸ್ರ ಮಾತ್ ಕೇಳುಸ್ಕೊ."

ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಮ್ಮವ್ವ ಸುದ್ದಿ ಹೇಳುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಡೆ ನೋಡಿ, "ನಂಗ್ಯಾಕವ್ವ ಊರ ಉಸಾಬರಿ" ಅನ್ನುತ್ತಿದ್ದಳು. ಆಮೇಲೆ ಊರಿನ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಅಷ್ಟನ್ನೂ ನನ್ನ ಪಾತ್ರಕ್ಕೆ ಎತ್ತಿಕೊಂಡೆ. ಅವಳ ಸೀರೆಯನ್ನೂ ಕೇಳಿದೆ. ಮಗ ನಾಟಕ ಆಡ್ತಾನೆ ಅಂತ ಒಳ್ಳೇದನ್ನೇ ತೆಗೆದುಕೊಟ್ಟಳು.

ನಾಟಕದ ದಿನ ನಮ್ಮ ಹಳ್ಳಿಯ ಹೆಂಗಸರನ್ನು ಅವಳೇ ಟೆಂಪೋದಲ್ಲಿ ಪಾಂಡವಪುರಕ್ಕೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡಿದ್ದಳು. ನಾನು ಸೆರಗು ಸಿಕ್ಕಿಸಿದ್ದೇ ತಡ, ಆ ಸಾಲು ಗೊಳ್ಳೆಂದಿತು. ನಗುತ್ತಲೇ ಎಲ್ಲರೂ ಅವ್ವನ ಕಡೆ ತಿರುಗಿದರು. ಅವಳೂ ನಗುತ್ತಿದ್ದಳು, ಆಮೇಲೆ ನಿಲ್ಲಿಸಿದಳು. ನಾನೂ ಅಲ್ಲಿಗೇ ಬಿಡಬಹುದಿತ್ತು. ಚಪ್ಪಾಳೆಯ ಆಸೆಗೆ ಅದನ್ನೇ ಮತ್ತೆ ಮತ್ತೆ ಮಾಡಿದೆ. ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮಾರನೆಯ ಬೆಳಿಗ್ಗೆ ಅವ್ವ ಹಾಲು ಕರೆದು ಕ್ಯಾನು ನನ್ನ ಮುಂದಿಟ್ಟಳು.

"ಇವತ್ತು ನೀನೇ ಡೇರಿಗೆ ಹಾಕ್ಬುಟ್ಟು ಬಾ ಮಗಾ."

ದಿನದಲ್ಲಿ ಅವಳು ತನಗಾಗಿ ಇಟ್ಟುಕೊಂಡಿದ್ದುದು ಡೇರಿ ಕಟ್ಟೆಯ ಮೇಲೆ ಕೂತು ಮಾತಾಡುವ ಹೊತ್ತೊಂದೇ. ಅದನ್ನೇ ನಾನು ಕಿತ್ತುಕೊಂಡಿದ್ದೆ.

ಕಟ್ಟೆಯ ಹತ್ತಿರ ಹೆಂಗಸರು ನನ್ನನ್ನು ಸುತ್ತಿಕೊಂಡರು. "ನಿಮ್ಮವ್ವನ್ನೇ ತಂದು ನಿಲ್ಲಿಸ್ಬುಟ್ಟಲ್ಲಪ್ಪ. ಇನ್ನೊಂದ್ ಕಿತ ಮಾಡು."

ಬೇಡ ಅನ್ನಬೇಕಿತ್ತು. ಹೊಗಳಿಕೆಗೆ ಉಬ್ಬಿಹೋಗಿ, ಹೆಗಲ ಮೇಲಿನ ಟವೆಲ್ಲನ್ನೇ ಸೆರಗು ಮಾಡಿಕೊಂಡು ಸೊಂಟಕ್ಕೆ ಸಿಕ್ಕಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂದಿರುಗಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ನನ್ ಸುದ್ದಿ ಏನಾದ್ರೂ ಆಡ್ಕೊಂಡ್ರೇನ್ಲಾ?"

"ಇಲ್ಲ ಕಣವ್ವ. ಯಾಕ್ ಬರ್ನಿಲ್ಲ ಅಂತ ಕೇಳುದ್ರು."

ಯಾರೂ ಕೇಳಿರಲಿಲ್ಲ. ಆದರೆ ಅವ್ವನ ಮುಖ ಅರಳಿತು. ಸಂಜೆ ಮುಖ ತೊಳೆದು, ತಲೆ ಬಾಚಿ, ಕ್ಯಾನು ತಾನೇ ಎತ್ತಿಕೊಂಡು ಹೊರಟಳು. ಬೆಳಿಗ್ಗೆ ಅವಳು ನಿಂತಿದ್ದ ಬಾಗಿಲಲ್ಲೇ ನಾನು ನಿಂತು, ಡೇರಿ ಕಡೆಯಿಂದ ನಗು ಕೇಳುತ್ತದೇನೋ ಎಂದು ಕಿವಿಗೊಟ್ಟೆ.